ಗಾಳಿ ತೆಗೆದು ಸ್ಪ್ರಿಂಗ್ ಹಾಕಿದ್ದು

ಕಾರಿನ ತಳ ರಿಪೇರಿ ಮಾಡುವವನ ಕೆಲಸ ಹೆಚ್ಚಾಗಿ ಬೆನ್ನ ಮೇಲೆ ಮಲಗಿ ನಡೆಯುತ್ತದೆ. ಹೊನ್ನಾವರದ ಹೆದ್ದಾರಿ ಪಕ್ಕದ ಒಂದೇ ಗ್ಯಾರೇಜಿನಲ್ಲಿ ನಾನು ಮೂವತ್ತಾರು ವರ್ಷ ಹೀಗೆ ಮಲಗಿದ್ದೇನೆ. ಈಗ ಮನೆಯಲ್ಲಿ ಮಂಚದ ಮೇಲೆ ಮಲಗಿದರೆ ತಲೆಯ ಮೇಲೆ ಏನೂ ಇಲ್ಲವಲ್ಲ ಎಂದು ನಿದ್ದೆ ಬರುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಆಗಾಗ ಬಂದು, ಕಂಪ್ಯೂಟರ್ ಹಚ್ಚಿ ದೋಷ ಹುಡುಕುವುದನ್ನು ಯಾವಾಗ ಕಲಿತಿರಿ, ಹೆಡ್ ಮೆಕ್ಯಾನಿಕ್ ಆದದ್ದು ಹೇಗೆ ಎಂದೆಲ್ಲ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಸಣ್ಣದು. ನಮ್ಮ ಫೋರ್‌ಮನ್ ಲೂಯಿಸ್ ಮೇಸ್ತ್ರಿ ನಿವೃತ್ತರಾದರು. ಅವರು ಕೂರುತ್ತಿದ್ದ ಸ್ಟೂಲು ಖಾಲಿ ಇತ್ತು. ನಾನು ಕೂತೆ.

ಹೇಳಬೇಕಾದದ್ದು ಬೇರೆ ಇದೆ. ಅದು ಗಾಳಿ ಸಸ್ಪೆನ್ಷನ್ನಿನ ವಿಷಯ.

ಸಾಮಾನ್ಯ ಕಾರಿನ ಭಾರ ಹೊರುವುದು ನಾಲ್ಕು ಗಾಲಿಗಳ ಮೇಲಿನ ಉಕ್ಕಿನ ಸ್ಪ್ರಿಂಗುಗಳು. ಕೆಲವು ದುಬಾರಿ ಕಾರುಗಳಲ್ಲಿ ಆ ಜಾಗದಲ್ಲಿ ರಬ್ಬರಿನ ಚೀಲ ಇರುತ್ತದೆ. ಚೀಲದೊಳಗೆ ಗಾಳಿ. ಒಂದು ಸಣ್ಣ ಪಂಪು ಗಾಳಿ ತುಂಬುತ್ತದೆ, ಒಂದು ಕಂಪ್ಯೂಟರು ಎಷ್ಟು ತುಂಬಬೇಕೆಂದು ಹೇಳುತ್ತದೆ. ಹೊಸದಿದ್ದಾಗ ಅಂಥ ಕಾರಿನಲ್ಲಿ ಕೂತರೆ ಹೊಂಡ ಬಂದದ್ದೇ ಗೊತ್ತಾಗುವುದಿಲ್ಲ. ಏಳೆಂಟು ವರ್ಷ ಕಳೆದ ಮೇಲೆ ರಬ್ಬರು ಬಿರಿಯುತ್ತದೆ. ನಮ್ಮ ಕಡೆಯ ಉಪ್ಪು ಗಾಳಿಗೆ ಅಷ್ಟೂ ಬೇಡ. ಸಂಜೆ ನಿಂತ ಕಾರು ಬೆಳಿಗ್ಗೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಕೂತಿರುತ್ತದೆ.

ಲೂಯಿಸ್ ಮೇಸ್ತ್ರಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. "ಗಾಳಿ ಟಯರ್ ಒಳಗೆ ಇದ್ರೆ ಸಾಕು ಮಾರಾಯಾ. ಅದ್ರ ಮೇಲೆ ಮತ್ತೆ ಎಂತಕ್ಕೆ ಗಾಳಿ?" ಎನ್ನುತ್ತಿದ್ದರು. ಅವರು ತೆಳ್ಳಗೆ, ಉದ್ದಕ್ಕೆ ಇದ್ದರು. ಕೆಲಸದ ವೇಳೆ ನಗುತ್ತಿರಲಿಲ್ಲ, ಬಿಡುವಿನಲ್ಲಿಯೂ ನಗುತ್ತಿರಲಿಲ್ಲ. ಊಟದ ಡಬ್ಬಿಯನ್ನು ಕಾಗೆಗಳ ಕಾಟಕ್ಕೆ ನಿಂತ ಯಾವುದಾದರೂ ಕಾರಿನ ಅಡಿಯಲ್ಲಿ ಇಡುವುದು ಅವರ ರೂಢಿ. ನಾನು ಬಿಚ್ಚಿದ ಮೊದಲ ಗಾಳಿ ಸಸ್ಪೆನ್ಷನ್ನಿನ ಕಾರಿನ ಅಡಿಯಲ್ಲೂ ಅದು ಇತ್ತು.

ಗಾಳಿಯನ್ನು ಮೊದಲು ಇಳಿಸಿ, ಆಮೇಲೆ ಪಂಪಿನಿಂದ ಚೀಲಕ್ಕೆ ಹೋಗುವ ನಳಿಕೆ ಬಿಚ್ಚಬೇಕು. ಕಂಪನಿಯ ರಿಪೇರಿ ಪುಸ್ತಕದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. ನಾನು ಆ ಪುಟವನ್ನು ಊಟದ ಮೇಲೆ ಓದಬೇಕೆಂದುಕೊಂಡಿದ್ದೆ. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದೇ ತಡ, ಹಾವು ಬುಸುಗುಟ್ಟಿದ ಹಾಗೆ ಸದ್ದಾಗಿ ಕಾರಿನ ಆ ಮೂಲೆ ಕೆಳಗೆ ಬಂತು. ನಾನು ಪಕ್ಕದಿಂದ ಕೈ ಹಾಕಿದ್ದೆ, ಕೈ ಹೊರಗೆಳೆದುಕೊಂಡೆ. ಡಬ್ಬಿಗೆ ಅಷ್ಟು ಚುರುಕುತನ ಇರಲಿಲ್ಲ. ಲೂಯಿಸ್ ಬಂದು ಬಗ್ಗಿ ನೋಡಿದರು. ಜಾಕ್ ಹಾಕಿ ಎತ್ತಿ, ಚಪ್ಪಟೆಯಾದ ಡಬ್ಬಿಯನ್ನು ಹೊರಗೆಳೆದರು.

"ಇದು ನಿನ್ನ ತಲೆ ಆಗಿದ್ರೆ ನಾ ಇವತ್ತು ಊಟ ಮಾಡ್ಬಹುದಿತ್ತು" ಎಂದರು. ಬೈದದ್ದು ಅಷ್ಟೇ. ಅಂದಿನಿಂದ ಗಾಳಿ ಪೂರ್ತಿ ಇಳಿಸದೆ, ಕಾರನ್ನು ಗಟ್ಟಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸದೆ ನಾನು ಒಂದು ನಟ್ಟನ್ನೂ ಮುಟ್ಟಿದವನಲ್ಲ. ನೀವೂ ಮುಟ್ಟಬೇಡಿ.

ಎರಡನೆಯ ತಪ್ಪು ಹಳದೀಪುರದ ಹೆಗಡೆಯವರ ಕಾರಿನದು. ಅವರು ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸೋವಿಗೆ ಸಿಕ್ಕಿತೆಂದು ಗೋವಾದಿಂದ ಒಂದು ಹಳೇ ದೊಡ್ಡ ಕಾರು ತಂದಿದ್ದರು. ಒಂದು ದಿನ ಗ್ಯಾರೇಜಿಗೆ ಫೋನು ಬಂತು.

"ಮಾದೇವಾ, ಕಾರು ಕೂತಿದ್ದು. ಏಳ್ತಾ ಇಲ್ಲೆ."

"ಯಾವಾಗಿಂದ ಸರ್?"

"ಎಂತ ಹೇಳಿ ಗೊತ್ತಿಲ್ಲೆ. ನಿನ್ನೆ ಸರಿ ಇತ್ತು."

ಹೋಗಿ ನೋಡಿದರೆ ಪಂಪು ಸುಟ್ಟಿತ್ತು. ಹೊಸ ಪಂಪು ತರಿಸಿ ಹಾಕಿದೆ. ಕಾರು ಎದ್ದು ನಿಂತಿತು. ಹೆಗಡೆಯವರು ಎಳನೀರು ಕೊಟ್ಟರು. ಒಂಬತ್ತು ದಿನದ ಮೇಲೆ ಹೊಸ ಪಂಪೂ ಸುಟ್ಟಿತು. ಕಾರನ್ನು ಗ್ಯಾರೇಜಿಗೆ ಎಳೆಸಿ ತಂದರು. ನಾನು ಪಂಪು ಮಾಡಿದವರನ್ನು ಬೈಯುತ್ತಾ ನಿಂತಿದ್ದಾಗ ಲೂಯಿಸ್ ಒಂದು ಬಟ್ಟಲಲ್ಲಿ ಸಾಬೂನು ನೀರು, ಕೈಯಲ್ಲಿ ತಮ್ಮ ಹಳೇ ಗಡ್ಡದ ಬ್ರಷ್ಷು ಹಿಡಿದು ಬಂದರು. ನಳಿಕೆಗೆ ಗ್ಯಾರೇಜಿನ ಕಂಪ್ರೆಸರಿನಿಂದ ಗಾಳಿ ಬಿಟ್ಟು, ಅದರುದ್ದಕ್ಕೂ ನೊರೆ ಹಚ್ಚುತ್ತಾ ಹೋದರು. ಹಿಂದಿನ ಗಾಲಿಯ ಹತ್ತಿರ ಒಂದು ಕಡೆ ಗುಳ್ಳೆ ಎದ್ದಿತು. ಅಲ್ಲಿ ನಾಲ್ಕು ಸಣ್ಣ ಹಲ್ಲಿನ ಗುರುತು ಇತ್ತು.

"ಕಾರು ಎಲ್ಲಿ ನಿಲ್ಸ್ತ್ರಿ?" ಎಂದು ಲೂಯಿಸ್ ಕೇಳಿದರು.

"ಕಾಯಿ ರಾಶಿ ಹತ್ರ" ಎಂದರು ಹೆಗಡೆಯವರು. ಹಲ್ಲಿನ ಗುರುತನ್ನು ಬಗ್ಗಿ ನೋಡಿ, "ಅಲ್ಲಿ ಇಲಿ ಇದ್ದು" ಎಂದರು.

ಸೋರುವ ಗಾಳಿಯನ್ನು ತುಂಬಿ ತುಂಬಿ ಎರಡು ಪಂಪುಗಳು ಸತ್ತಿದ್ದವು. ನಾನು ಸತ್ತದ್ದನ್ನು ಬದಲಿಸಿದ್ದೆ, ಕೊಂದದ್ದನ್ನು ಹುಡುಕಿರಲಿಲ್ಲ. ಈಗ ಕಂಪ್ಯೂಟರು ಹಚ್ಚಿದರೆ ಯಾವ ಮೂಲೆ ಇಳಿಯುತ್ತಿದೆ ಎಂದು ಪರದೆಯ ಮೇಲೆ ಬರುತ್ತದೆ. ಅದು ನಿಜಕ್ಕೂ ಉಪಕಾರ. ಆದರೆ ಇಲಿ ಎಂದು ಅದು ಬರೆದದ್ದನ್ನು ನಾನು ಇನ್ನೂ ನೋಡಿಲ್ಲ.

ಇಷ್ಟು ತಪ್ಪು ಮಾಡಿದ ಮೇಲೆ ನನಗೆ ಈ ಕೆಲಸ ಬಂತು ಎಂಬ ಧೈರ್ಯ ಬಂತು. ಭಟ್ಕಳದ ಇಕ್ಬಾಲ್ ಸಾಹೇಬರ ಕಾರು ನನ್ನ ಕೈಗೆ ಬಂದದ್ದು ಆ ಧೈರ್ಯದ ಕಾಲದಲ್ಲಿ. ಲೂಯಿಸ್ ಆಗ ನಿವೃತ್ತರಾಗಿ ಎರಡು ವರ್ಷವಾಗಿತ್ತು.

ಇಕ್ಬಾಲ್ ಸಾಹೇಬರದು ಬಟ್ಟೆ ಅಂಗಡಿ. ಮೆತ್ತಗಿನ ಮಾತು, ಯಾವಾಗಲೂ ಅವಸರ. ಅವರ ತಾಯಿಗೆ ಎಂಬತ್ತರ ಹತ್ತಿರ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಬೆಳಗಿನ ಪಾಳಿ ಅವರಿಗೆ ಸಿಕ್ಕಿದ್ದು ಹೊನ್ನಾವರದಲ್ಲಿ. ಅಲ್ಲಿಗೆ ಹೋಗಿ ಬರಲೆಂದೇ ಆ ದೊಡ್ಡ ಕಾರು ಕೊಂಡದ್ದು. ಅಗೆದು ಹಾಕಿದ ಹೆದ್ದಾರಿಯಲ್ಲಿ ಅವರಿಗೆ ಕುಲುಕಾಟ ಆಗಬಾರದು ಎಂಬುದು ಮಗನ ಲೆಕ್ಕ.

ಒಂದು ಬೆಳಿಗ್ಗೆ ಅವರು ಫೋನು ಮಾಡಿದಾಗ ಕಾರು ಮುರ್ಡೇಶ್ವರ ಕ್ರಾಸಿನಲ್ಲಿ ನಿಂತಿತ್ತು. ನಿಂತಿತ್ತು ಎನ್ನುವುದು ತಪ್ಪು. ಮುಂದಿನ ಬಲಗಡೆ ಪೂರ್ತಿ ಕುಸಿದು ಟಯರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ನಾನು ಹೋಗುವಷ್ಟರಲ್ಲಿ ಡ್ರೈವರ್ ಈಶ್ವರ ಒಂದು ಆಟೋ ನಿಲ್ಲಿಸಿದ್ದ. ಅಮ್ಮ ಕೋಲೂರಿಕೊಂಡು ಅದಕ್ಕೆ ಹತ್ತುತ್ತಿದ್ದರು. ನನ್ನನ್ನು ನೋಡಿ, "ರಿಪೇರಿ ಮಾಡೂದು ನೀವಾ?" ಎಂದರು.

"ಹೌದಮ್ಮ."

"ಇಷ್ಟು ದಿನ ಎಂತ ಮಾಡ್ತಿದ್ರಿ?"

ಆಟೋ ಹೊರಟಿತು. ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ತಡವಾಗಿತ್ತಂತೆ. ಮುಂದಿನ ಪಾಳಿಯವರು ಕಾಯುತ್ತಿದ್ದರು. ಹಾಗಾಗಿ ನಾಲ್ಕು ಗಂಟೆ ಆಗಬೇಕಾದದ್ದು ಮೂರೇ ಗಂಟೆ ಆಯಿತು. ಎರಡು ದಿನ ಅವರ ಕಾಲು ಬಾತು, ಮಲಗಲಾರದೆ ದಿಂಬಿಗೆ ಒರಗಿ ಕೂತಿದ್ದರು ಎಂದು ಇಕ್ಬಾಲ್ ಸಾಹೇಬರು ಆಮೇಲೆ ಹೇಳಿದರು.

"ಇನ್ನೊಂದು ಸಲ ಹೀಗಾಗಬಾರದು ಮಾದೇವಣ್ಣ. ಏನು ಮಾಡಿದ್ರೆ ಆಗ್ತದೆ ಹೇಳಿ."

ನಾಲ್ಕೂ ಚೀಲಗಳು ಬಿರಿದಿದ್ದವು. ಹೊಸವು ಬರಲು ಎರಡು ತಿಂಗಳು, ಬಂದರೂ ಇನ್ನೇಳು ವರ್ಷಕ್ಕೆ ಅದೇ ಕಥೆ. ನಾನು ಗಾಳಿಯನ್ನೇ ಕಿತ್ತು ಉಕ್ಕಿನ ಸ್ಪ್ರಿಂಗು ಹಾಕೋಣ ಎಂದೆ. ಆ ಕಾರಿಗೆಂದೇ ಮಾಡಿದ ಸ್ಪ್ರಿಂಗಿನ ಸೆಟ್ ಸಿಗುತ್ತಿತ್ತು. ಸ್ಪ್ರಿಂಗು ಸೋರುವುದಿಲ್ಲ, ಇಲಿ ಅದನ್ನು ತಿನ್ನುವುದಿಲ್ಲ.

"ಹಾಕಿದ್ರೆ ಏನಾದ್ರೂ ವ್ಯತ್ಯಾಸ ಆಗ್ತದಾ?" ಎಂದು ಅವರು ಕೇಳಿದರು.

"ಎಂತದೂ ಇಲ್ಲ" ಎಂದೆ. ನನ್ನ ಕೆಲಸದ ಜೀವನದಲ್ಲಿ ಇಷ್ಟು ಸಣ್ಣ ಉತ್ತರ ಕೊಟ್ಟು ಇಷ್ಟು ದೊಡ್ಡ ತಪ್ಪು ಮತ್ತೆ ಮಾಡಿಲ್ಲ.

ಕೆಲಸ ಮಾತ್ರ ಚೆನ್ನಾಗಿಯೇ ಆಯಿತು, ಅದನ್ನು ಹೇಳಿಬಿಡುತ್ತೇನೆ. ಗಾಳಿ ಇಳಿಸಿದೆ. ಕಾರು ಸ್ಟ್ಯಾಂಡಿನ ಮೇಲೆ ಕೂತಿತು. ಮುಂದಿನ ಎರಡು ಕಡೆ ಚೀಲ, ಶಾಕ್ ಅಬ್ಸಾರ್ಬರ್ ಒಟ್ಟಿಗೇ ಇದ್ದವು, ಅವನ್ನು ಇಡಿಯಾಗಿ ತೆಗೆದು ಸ್ಪ್ರಿಂಗಿನ ಜೋಡಿ ಕೂರಿಸಿದೆ. ಹಿಂದಿನ ಚೀಲಗಳನ್ನು ಕೈಯಿಂದ ಎಳೆದರೆ ಒಣಗಿದ ಹಲಸಿನ ಸಿಪ್ಪೆಯ ಹಾಗೆ ಬಂದವು. ಬೋಲ್ಟುಗಳನ್ನು ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಬಿಗಿದೆ. ಅವನ್ನು ಕಾರು ಮೇಲಿರುವಾಗಲೇ ಬಿಗಿದರೆ ಕೀಲಿನ ರಬ್ಬರ್ ಬುಷ್ಷು ತಿರುಚಿಕೊಂಡು ಆರು ತಿಂಗಳಿಗೆ ಹರಿಯುತ್ತದೆ. ಪಂಪು ಕಿತ್ತದ್ದು ಕಾರಿನ ಕಂಪ್ಯೂಟರಿಗೆ ಗೊತ್ತಾಗಿ ಅದು ಕೆಂಪು ದೀಪ ಹಚ್ಚಿ ಕೂತಿತು. ಸೆಟ್ಟಿನ ಜೊತೆ ಬಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಜೋಡಿಸಿದೆ. ಎಲ್ಲ ಸರಿಯಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವುದು ಆ ಡಬ್ಬಿಯ ಕೆಲಸ. ದೀಪ ಆರಿತು. ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದೆ. ಒಂದಕ್ಕೊಂದು ಕಡ್ಡಿಯಷ್ಟೂ ವ್ಯತ್ಯಾಸ ಇರಲಿಲ್ಲ. ಕುಮಟೆಗೆ ಒಯ್ದು ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಬರುವಾಗ ಹಳದೀಪುರದ ತಿರುವಿನಲ್ಲಿ ಬೇಕೆಂದೇ ಜೋರಾಗಿ ತಿರುಗಿಸಿದೆ. ಕಾರು ಅಲ್ಲಾಡಲಿಲ್ಲ. ಲೂಯಿಸ್ ನೋಡಬೇಕಿತ್ತು ಎನ್ನಿಸಿತು.

ನಾನೇ ಓಡಿಸಿಕೊಂಡು ಭಟ್ಕಳಕ್ಕೆ ಹೋದೆ. ಇಕ್ಬಾಲ್ ಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದು ಖುಷಿಪಟ್ಟರು. ಅಮ್ಮ ಕೋಲು ಹಿಡಿದು ಹೊರಗೆ ಬಂದರು. ಹಿಂದಿನ ಬಾಗಿಲು ತೆಗೆಸಿ, ಸೀಟಿಗೆ ಬೆನ್ನು ಮಾಡಿ ನಿಂತರು. ಕಾಯುತ್ತಿದ್ದರು. ಏನನ್ನು ಕಾಯುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

"ಇದು ಕೂತ್ಕೊಳ್ಳೂದಿಲ್ವಾ?" ಎಂದರು.

"ಇಲ್ಲಮ್ಮ. ಇನ್ನು ಯಾವತ್ತೂ ಕೂತ್ಕೊಳ್ಳೂದಿಲ್ಲ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

"ಹಂಗಾದ್ರೆ ನಾ ಹೆಂಗೆ ಕೂತ್ಕೊಳ್ಳೂದು?"

ನಾನು ಇಕ್ಬಾಲ್ ಸಾಹೇಬರ ಕಡೆ ನೋಡಿದೆ, ಅವರು ಈಶ್ವರನ ಕಡೆ ನೋಡಿದರು. ಆಮೇಲೆ ಈಶ್ವರ ಮೆಲ್ಲಗೆ ಹೇಳಿದ. ಗಾಳಿ ಇದ್ದಾಗ ಡ್ರೈವರಿನ ಹತ್ತಿರ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಕಾರು ಎರಡು ಇಂಚು ಇಳಿಯುತ್ತಿತ್ತು. ಸೋರಿಕೆ ಶುರುವಾದ ಮೇಲೆ ಇನ್ನೊಂದು ಇಂಚು ಧರ್ಮಕ್ಕೆ ಇಳಿಯುತ್ತಿತ್ತು. ಅಮ್ಮ ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಕೂತು, ತಿರುಗಿಕೊಳ್ಳುತ್ತಿದ್ದರು. ಯಾರೂ ಮುಟ್ಟಬೇಕಾಗಿರಲಿಲ್ಲ. ಆ ಗುಂಡಿಯನ್ನು ನಾನು ನೋಡಿದ್ದೆ. ಅದರ ತಂತಿಯನ್ನು ಕಿತ್ತವನೂ ನಾನೇ. ಮಗ ಯಾವಾಗಲೂ ಅಂಗಡಿಯಲ್ಲಿರುತ್ತಿದ್ದುದರಿಂದ ಅವರಿಗೂ ಇದು ಹೊಳೆದಿರಲಿಲ್ಲ.

ಮರುದಿನ ಡಯಾಲಿಸಿಸ್ ಇತ್ತು. ಮನೆಯಲ್ಲಿದ್ದ ಒಂದು ಮರದ ಸ್ಟೂಲು ಇಟ್ಟರು. ಅದರ ಮೇಲೆ ಅವರ ಒಂದು ಕಾಲು ಹೋಯಿತು, ಇನ್ನೊಂದು ಹೋಗಲಿಲ್ಲ. ಈಶ್ವರ ಮತ್ತು ಇಕ್ಬಾಲ್ ಸಾಹೇಬರು ಎರಡೂ ಕಡೆ ಹಿಡಿದು ಎತ್ತಿ ಕೂರಿಸಿದರು. ಅಮ್ಮ ವಾಪಸ್ ಬಂದ ಮೇಲೆ ಮಗನಿಗೆ, "ನಾ ಅಕ್ಕಿ ಮೂಟೆ ಅಲ್ಲ. ಇನ್ನು ಆಟೋದಲ್ಲಿ ಹೋಗ್ತೆ" ಎಂದರಂತೆ.

ಹೋದರು ಕೂಡ. ಎರಡು ವಾರ, ಆರು ಸಲ, ಆಟೋದಲ್ಲಿ. ಹೋಗುವಾಗ ಪರವಾಗಿರಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿದು ತಲೆ ನಿಲ್ಲುತ್ತಿರಲಿಲ್ಲ. ಹಾಗೆ ಲಾರಿಗಳ ನಡುವೆ, ಧೂಳಿನಲ್ಲಿ, ಕುಲುಕುತ್ತಾ ಭಟ್ಕಳದವರೆಗೆ. ನಮ್ಮ ಗ್ಯಾರೇಜಿನ ಎದುರಿನಿಂದಲೇ ಆ ಆಟೋ ಹಾದುಹೋಗುತ್ತಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ನಾನು ಏನಾದರೂ ನೆಪ ಮಾಡಿ ಕಾರಿನ ಅಡಿಗೆ ಹೋಗಿ ಮಲಗುತ್ತಿದ್ದೆ. ಇಕ್ಬಾಲ್ ಸಾಹೇಬರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅನುಕೂಲವಾಗುತ್ತಿತ್ತು.

ಕೊನೆಗೆ ಲೂಯಿಸ್ ಮೇಸ್ತ್ರಿಯ ಮನೆಗೆ ಹೋದೆ. ಅವರು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಸ್ಪ್ರಿಂಗು ಕತ್ತರಿಸಿ ಇಳಿಸಲೇ ಎಂದು ಕೇಳಿದೆ.

"ಸ್ಪ್ರಿಂಗ್ ಕತ್ತರ್ಸೂದಾ? ನಾ ನಿಂಗೆ ಹಾಗೆ ಕಲ್ಸಿದ್ದಾ?"

"ಇಲ್ಲ."

"ಕಾರು ಎಷ್ಟು ಎತ್ತರ?"

ಹೇಳಿದೆ. ನಾಲ್ಕೂ ಮೂಲೆಯ ಅಳತೆ ಬಾಯಿಪಾಠ ಇತ್ತು.

"ಆ ಅಮ್ಮ ಎಷ್ಟು ಎತ್ತರ?"

ನನಗೆ ಗೊತ್ತಿರಲಿಲ್ಲ.

"ಹೋಗಿ ಅಳ್ಕಂಡು ಬಾ" ಎಂದು ಅವರು ಮತ್ತೆ ಬಲೆ ಹಿಡಿದರು.

ಮರುದಿನ ಟೇಪು ಹಿಡಿದು ಭಟ್ಕಳಕ್ಕೆ ಹೋದೆ. ಅಮ್ಮ ಮೊದಲು ಒಪ್ಪಲಿಲ್ಲ. "ನಂಗೂ ಸ್ಪ್ರಿಂಗ್ ಹಾಕ್ತ್ರಾ?" ಎಂದರು. ಮನೆಯಲ್ಲಿದ್ದ ಮಂಚ, ಕುರ್ಚಿ, ದಿವಾನದ ಮೇಲೆ ಒಂದೊಂದಾಗಿ ಕೂತು ತೋರಿಸಿ ಎಂದು ಕೇಳಿಕೊಂಡೆ. ಎಲ್ಲಕ್ಕಿಂತ ಎತ್ತರದ ಮಂಚದ ಮೇಲೂ ಅವರು ಬೆನ್ನು ಮಾಡಿ ತಾವೇ ಕೂರಬಲ್ಲವರಾಗಿದ್ದರು. ಅದರ ಎತ್ತರ ಅಳೆದೆ. ಕಾರಿನ ಸೀಟು ಅದಕ್ಕಿಂತ ಸರಿಯಾಗಿ ಮೂರು ಇಂಚು ಮೇಲಿತ್ತು. ಮೂರು ಇಂಚು ನನಗೆ ಲೆಕ್ಕಕ್ಕೇ ಬಾರದ್ದು. ಅವರ ಮೊಣಕಾಲಿಗೆ ಅದು ಮಹಡಿ. ಅವರು ಹತ್ತಲಾಗದ ಸ್ಟೂಲು ಒಂಬತ್ತು ಇಂಚು ಇತ್ತು, ಎರಡು ಪಾದಕ್ಕೆ ಜಾಗವೂ ಇರಲಿಲ್ಲ. ಬೇಕಾಗಿದ್ದದ್ದು ಮೂರೇ ಇಂಚು, ಆದರೆ ನಿಂತು ತಿರುಗುವಷ್ಟು ಅಗಲ.

ಮನೆಯ ಅಂಗಳದಲ್ಲಿ ಕಾರಿನ ಹಿಂಬಾಗಿಲು ತೆರೆಯುವ ಕಡೆ ಮೂರು ಇಂಚಿನ ಕಾಂಕ್ರೀಟು ಕಟ್ಟೆ ಮಾಡಿದೆವು. ಹಾಸುಗಲ್ಲಿನಷ್ಟು ಅಗಲ, ಒಂದು ಕಡೆ ಇಳಿಜಾರು. ಗಾರೆಯವನು ಇಷ್ಟು ತಗ್ಗಿನ ಕಟ್ಟೆ ಎಂತಕ್ಕೆ ಎಂದು ಮೂರು ಸಲ ಕೇಳಿದ. ಆಸ್ಪತ್ರೆಯಲ್ಲಿ ಗಾಲಿಕುರ್ಚಿಯ ಇಳಿಜಾರು ದಾರಿ ಇತ್ತು. ಅದರ ಕೆಳತುದಿಯಲ್ಲಿ ಕಂಬಿ ಇರಲಿಲ್ಲ, ಕಾರನ್ನು ಪಕ್ಕಕ್ಕೇ ತರಬಹುದಿತ್ತು. ಟೇಪು ಹಿಡಿದು, ನೆಲದಿಂದ ಮೂರು ಇಂಚು ಎತ್ತರ ಇರುವ ಜಾಗ ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಾರಿನ ಬಾಗಿಲು ಸರಿಯಾಗಿ ಆ ಗೆರೆಗೆ ಬರಬೇಕು.

ಮೊದಲ ದಿನ ನಾನೂ ಜೊತೆಗೆ ಹೋದೆ. ಮನೆಯಲ್ಲಿ ಅಮ್ಮ ಕಟ್ಟೆಯ ಮೇಲೆ ಕಾಲಿಟ್ಟು, ನಿಧಾನಕ್ಕೆ ತಿರುಗಿ, ಕೂತರು. "ಆತು, ನಡೀರಿ" ಎಂದರು. ಇಕ್ಬಾಲ್ ಸಾಹೇಬರು ಅಂಗಡಿ ಮುಚ್ಚಿ ಮುಂದೆ ಕೂತಿದ್ದರು. ಆಸ್ಪತ್ರೆಯಲ್ಲಿ ನನ್ನ ಗೆರೆಯ ಮುಂದೆ ನಾಲ್ಕು ಬೈಕು ನಿಂತಿದ್ದವು.

ಕಾವಲುಗಾರ ಬಂದು, "ಇಲ್ಲಿ ಕಾರ್ ನಿಲ್ಸೂಕಿಲ್ಲ" ಎಂದ.

"ಅಮ್ಮನ್ನ ಇಳಿಸಿ ಹೋಗ್ತೇವೆ. ಬೈಕ್ ಸ್ವಲ್ಪ ಸರಿಸ್ಬೇಕಿತ್ತು" ಎಂದೆ.

"ಎಷ್ಟು ಹೊತ್ತು ಬೇಕು?"

ಹಿಂದಿನ ಸೀಟಿನಿಂದ ಅಮ್ಮ, "ನೀ ಮಾತಾಡಿದ್ದಕ್ಕಿಂತ ಕಮ್ಮಿ" ಎಂದರು.

ಅವನು ಬೈಕು ಸರಿಸಿದ.

ಬೆಳಿಗ್ಗೆ ಆದದ್ದು ದೊಡ್ಡದಲ್ಲ ಎಂದು ನನಗೆ ಗೊತ್ತಿತ್ತು. ನಾಲ್ಕು ಗಂಟೆಯ ಮೇಲೆ, ಕಾಲಿನಲ್ಲಿ ಬಲ ಇಲ್ಲದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ. ಗಾಲಿಕುರ್ಚಿಯಲ್ಲಿ ಅವರನ್ನು ಗೆರೆಯವರೆಗೆ ತಂದರು. ಮುಖ ಬಿಳಚಿಕೊಂಡಿತ್ತು. ಬಾಗಿಲ ಹಿಡಿ ಹಿಡಿದು ಎದ್ದು ನಿಂತರು. ತಿರುಗುವಾಗ ಮೊಣಕಾಲು ನಡುಗಿದ್ದು ಸೀರೆಯ ಮೇಲಿಂದಲೇ ಕಂಡಿತು. ನಾನು ಕೈ ಚಾಚಿದೆ.

"ಕೈ ತೆಗೀರಿ" ಎಂದರು.

ತೆಗೆದೆ. ಅವರು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಬಗ್ಗಿ, ಸೀಟಿನ ಅಂಚು ಹುಡುಕಿ, ಕೂತರು. ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ತಾವೇ ಬಾಗಿಲು ಎಳೆದುಕೊಂಡರು. ಇಕ್ಬಾಲ್ ಸಾಹೇಬರು ಮುಂದಿನ ಗಾಜಿನಲ್ಲಿ ನೋಡುವುದು ಏನೂ ಇಲ್ಲದಿದ್ದರೂ ಅತ್ತಲೇ ನೋಡುತ್ತಿದ್ದರು.

ಶರಾವತಿಯ ಸೇತುವೆ ದಾಟುವಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದರು. ಈಶ್ವರ ಕನ್ನಡಿಯಲ್ಲಿ ನೋಡಿ, "ಈ ಕಾರಲ್ಲಿ ಅಮ್ಮ ಮಲ್ಗಿದ್ದು ಇದೇ ಮೊದ್ಲು" ಎಂದ.

"ಯಾಕೆ?" ಎಂದು ಇಕ್ಬಾಲ್ ಸಾಹೇಬರು ಕೇಳಿದರು.

"ಮೊದ್ಲು ದಾರಿ ಪೂರಾ ಎಚ್ರ ಇರ್ತಿದ್ರು. ಎಲ್ಲಿ ಕುಸೀತದೋ ಹೇಳಿ ಬಾಗ್ಲು ಹಿಡ್ಕಂಡು ಕೂರ್ತಿದ್ರು."

ಮಗನಿಗೆ ಇದೂ ಗೊತ್ತಿರಲಿಲ್ಲ. ಅವರು ಹಿಂದಿರುಗಿ ನೋಡಿದರು. ಅಮ್ಮನ ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು.

ಭಟ್ಕಳದ ಮನೆಯ ಅಂಗಳ ಮುಟ್ಟಿದಾಗ ಮೂರು ಗಂಟೆ ಬಿಸಿಲು. ಈಶ್ವರ ಬಾಗಿಲನ್ನು ಕಟ್ಟೆಗೆ ಸರಿಯಾಗಿ ತಂದು ನಿಲ್ಲಿಸಿದ. ಅಮ್ಮ ಏಳಲಿಲ್ಲ. ಎಬ್ಬಿಸಲೇ ಎಂದು ಕಣ್ಣಲ್ಲೇ ಕೇಳಿದೆ. ಇಕ್ಬಾಲ್ ಸಾಹೇಬರು ಬೇಡ ಎಂದು ತಲೆಯಾಡಿಸಿದರು. ಎಸಿ ಚಾಲೂ ಇಟ್ಟು, ಸದ್ದಾಗದಂತೆ ಬಾಗಿಲು ತೆಗೆದು ನಾವು ಮೂವರೂ ಕೆಳಗಿಳಿದೆವು. ಅವರು ತಾವಾಗಿ ಏಳುವವರೆಗೆ ಸುಮಾರು ಅರ್ಧ ಗಂಟೆ ಅಂಗಳದಲ್ಲಿ ನಿಂತಿದ್ದೆವು. ಕಾರೂ ನಿಂತೇ ಇತ್ತು.